ಇಟ್ಟಿಗೆ ಪುಡಿಯಾಗುವ ಮೊದಲೇ ಗೋಡೆ ವಾಲುತ್ತದೆ

ಮಾಲೂರು ಸುತ್ತಿನ ಗೂಡುಗಳಲ್ಲಿ ಸುಟ್ಟ ಇಟ್ಟಿಗೆ ಹೊಸಕೋಟೆ ಕಡೆಯಿಂದಲೋ ಕಾಡುಗೋಡಿ ಕಡೆಯಿಂದಲೋ ಲಾರಿ ಹತ್ತಿ ಬಂದು, ಕೆ.ಆರ್. ಪುರ ದಾಟಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಇಳಿಯುತ್ತದೆ. ಒಂಬತ್ತು ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, ಮೂರು ಇಂಚು ದಪ್ಪ. ತೂಕ ಸುಮಾರು ಮೂರೂವರೆ ಕಿಲೋ. ಭಾರತೀಯ ಮಾನಕ ಐಎಸ್ 1077 ಒಪ್ಪುವ ತೀರ ಕೆಳದರ್ಜೆಯ ಇಟ್ಟಿಗೆಯೂ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಒತ್ತಡ ತಡೆಯಬೇಕು. ಗುಣಿಸಿ ನೋಡಿದರೆ, ಮಲಗಿಸಿಟ್ಟ ಒಂದೇ ಒಂದು ಇಟ್ಟಿಗೆ ಒಂಬತ್ತು ಟನ್ನಿಗೂ ಮೀರಿದ ಭಾರ ಹೊರುತ್ತದೆ, ಹೆಚ್ಚುಕಡಿಮೆ ಒಂದು ಖಾಲಿ ಬಸ್ಸಿನಷ್ಟು. ಅಂಥ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದರೆ, ತಳದ್ದು ಪುಡಿಯಾಗುವ ಹೊತ್ತಿಗೆ ಮೇಲೆ ಎರಡೂವರೆ ಸಾವಿರಕ್ಕೂ ಹೆಚ್ಚು ಇಟ್ಟಿಗೆ ಕೂತಿರುತ್ತವೆ. ಎತ್ತರ ಸುಮಾರು 200 ಮೀಟರ್. ಗಾರೆ ಸೇರಿದ ಗೋಡೆಯ ಬಲ ಬಿಡಿ ಇಟ್ಟಿಗೆಯದಕ್ಕಿಂತ ಕಡಿಮೆ, ನಿಜ. ಮೂರನೇ ಒಂದು ಭಾಗಕ್ಕೆ ಇಳಿಸಿದರೂ ಅರವತ್ತು ಮೀಟರ್ ದಾಟುತ್ತದೆ.

ಇಂದಿರಾನಗರದ ಯಾವ ಮನೆಯೂ ಅಷ್ಟೆತ್ತರ ಇಲ್ಲ. ಆದರೂ ಮಳೆಗಾಲ ಬಂತೆಂದರೆ ನಗರದಲ್ಲಿ ಆರಡಿಯ ಕಾಂಪೌಂಡ್ ಗೋಡೆಗಳು ಬೀಳುತ್ತವೆ. ಬಿದ್ದ ಗೋಡೆಯ ಪಕ್ಕ ಹೋಗಿ ನೋಡಿದರೆ ಇಟ್ಟಿಗೆಗಳು ಬಹುಪಾಲು ಇಡಿಯಾಗಿಯೇ ಇರುತ್ತವೆ. ಗುತ್ತಿಗೆದಾರ ಅವನ್ನೇ ಆಯ್ದು ಮತ್ತೆ ಬಳಸುತ್ತಾನೆ. ಹಾಗಾದರೆ ಸೋತದ್ದು ಯಾವುದು?

ಈ ಪ್ರಶ್ನೆಗೆ ಉತ್ತರವನ್ನು ಪುಟ್ಟ ಇಟ್ಟಿಗೆಗಳ ಮಾದರಿ ಕಟ್ಟಿ ಕಲಿಯಬಹುದೇ ಎಂಬುದು ಹಳೆಯ ಚರ್ಚೆ. ಕಾಲೇಜಿನ ಎಂಜಿನಿಯರು ಲೆಕ್ಕದ ಹಾಳೆ ತೋರಿಸುತ್ತಾರೆ. ಮೇಸ್ತ್ರಿ ಕರಣೆ ಕೈಗೆ ಕೊಟ್ಟು, ಗೋಡೆಯ ಮೇಲೆ ನಿಂತರೆ ತಾನಾಗಿ ಬರುತ್ತದೆ ಎನ್ನುತ್ತಾನೆ. ನಡುವೆ ಮಾದರಿ ಬಡಪಾಯಿಯಂತೆ ನಿಂತಿದೆ: ಒಬ್ಬರಿಗೆ ಆಟಿಕೆ, ಇನ್ನೊಬ್ಬರಿಗೆ ಹೊತ್ತು ಕಳೆಯುವ ಕೆಲಸ. ಆದರೆ ಕಲ್ಲು–ಇಟ್ಟಿಗೆ ಕಟ್ಟಡದ ಶಾಸ್ತ್ರ ಬೆಳೆದ ದಾರಿಯನ್ನು ನೋಡಿದರೆ, ಬೇರೆ ಯಾವ ನಿರ್ಮಾಣ ವಿದ್ಯೆಗೂ ಇಲ್ಲದ ಒಂದು ಸೌಲಭ್ಯ ಇದಕ್ಕಿದೆ ಎಂದು ತಿಳಿಯುತ್ತದೆ. ಆಕಾರದ ವಿಷಯದಲ್ಲಿ ಇಟ್ಟಿಗೆಯ ಮಾದರಿ ಸುಳ್ಳು ಹೇಳುವುದಿಲ್ಲ. ಬಲದ ವಿಷಯದಲ್ಲಿ ಅದು ಬಾಯಿ ಬಿಡುವುದೇ ಇಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡದವರಿಂದಲೇ ಗೊಂದಲ.

ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಮಾದರಿಗಳನ್ನು ನಂಬುವವರಿಗೆ ಎಚ್ಚರಿಕೆ ಕೊಟ್ಟಿದ್ದ. ವಸ್ತುವನ್ನು ಹತ್ತು ಪಟ್ಟು ಹಿಗ್ಗಿಸಿದರೆ ಅದರ ತೂಕ ಸಾವಿರ ಪಟ್ಟಾಗುತ್ತದೆ, ಭಾರ ಹೊರುವ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನೂರು ಪಟ್ಟು. ಹಾಗಾಗಿ ಪುಟ್ಟದಾಗಿ ಗಟ್ಟಿಯಿದ್ದದ್ದು ದೊಡ್ಡದಾದಾಗ ತನ್ನ ಭಾರಕ್ಕೇ ಮುರಿಯಬಹುದು. ಮರದ ತೊಲೆಗೆ, ಉಕ್ಕಿನ ಗರ್ಡರಿಗೆ ಈ ಮಾತು ಅಕ್ಷರಶಃ ಸರಿ. ಇಟ್ಟಿಗೆಗೆ ಬಂದಾಗ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಒತ್ತಡ ಎಷ್ಟು ಕಡಿಮೆಯೆಂದರೆ, ಹತ್ತು ಪಟ್ಟಾದರೂ ಪುಡಿಯಾಗುವ ಮಟ್ಟ ದೂರವೇ ಉಳಿಯುತ್ತದೆ. ಕೇಂಬ್ರಿಜ್‌ನ ಜಾಕ್ ಹೇಮನ್ 1966ರಲ್ಲಿ ಇದನ್ನು ಮೂರು ಊಹೆಗಳಾಗಿ ಕಟ್ಟಿಕೊಟ್ಟರು: ಕಲ್ಲುಕಟ್ಟಡಕ್ಕೆ ಎಳೆತ ತಡೆಯುವ ಶಕ್ತಿ ಇಲ್ಲ, ಒತ್ತಡ ತಡೆಯುವ ಶಕ್ತಿಗೆ ಮಿತಿಯಿಲ್ಲ, ಕಲ್ಲಿನ ಮೇಲೆ ಕಲ್ಲು ಜಾರುವುದಿಲ್ಲ. ಮೂರೂ ಪೂರ್ಣ ಸತ್ಯವಲ್ಲ, ಆದರೆ ಕೆಲಸಕ್ಕೆ ಸಾಕಾಗುವಷ್ಟು ಸತ್ಯ. ಇವನ್ನು ಒಪ್ಪಿದರೆ ಕಟ್ಟಡ ನಿಲ್ಲುವುದೂ ಬೀಳುವುದೂ ಆಕಾರದ ಪ್ರಶ್ನೆಯಾಗುತ್ತದೆ, ಆಕಾರಕ್ಕೆ ಅಳತೆಯ ಹಂಗಿಲ್ಲ. ಮೇಜಿನ ಮೇಲೆ ತನ್ನ ಭಾರಕ್ಕೆ ತಾನು ನಿಲ್ಲುವ ಕಮಾನು ಬೀದಿಯಲ್ಲೂ ನಿಲ್ಲುತ್ತದೆ.

ಶುರು ಮಾಡಲು ನಾಲ್ಕು ಇಟ್ಟಿಗೆ ಸಾಕು. ಒಂದನ್ನು ಮೆತ್ತನೆಯ ಸ್ಪಾಂಜಿನ ಮೇಲೆ ಮಲಗಿಸಿ, ಆಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಸ್ಪಾಂಜು ಎಷ್ಟು ತಗ್ಗುತ್ತದೆಂದು ಕಣ್ಣಿಗೇ ಕಾಣುತ್ತದೆ. ತೂಕ ಅದೇ, ತಾಗುವ ಜಾಗ ಮೂರನೇ ಒಂದು ಭಾಗ, ಆದ್ದರಿಂದ ಒತ್ತಡ ಮೂರು ಪಟ್ಟು. ಪ್ರೌಢಶಾಲೆಯ ವಿಜ್ಞಾನದ ಪಾಠ ಇಲ್ಲಿಗೆ ನಿಲ್ಲುತ್ತದೆ, ನಿಲ್ಲಬೇಕಾಗಿಲ್ಲ. ಇಟ್ಟಿಗೆಯ ನಡುವೆ ಬೆರಳಿಟ್ಟು ಒತ್ತಿದರೆ ಸ್ಪಾಂಜು ಸಮನಾಗಿ ತಗ್ಗುತ್ತದೆ. ಬೆರಳನ್ನು ಮೆಲ್ಲಗೆ ಅಂಚಿನ ಕಡೆ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಎದುರು ಅಂಚು ಸ್ಪಾಂಜನ್ನು ಬಿಟ್ಟು ಮೇಲೇಳಲು ಹೊರಡುತ್ತದೆ. ಆ ಹಂತ ಬರುವುದು ಭಾರವು ಅಗಲದ ನಡುವಿನ ಮೂರನೇ ಒಂದು ಭಾಗದಿಂದ ಹೊರಬಿದ್ದಾಗ. ಒಂಬತ್ತು ಇಂಚಿನ ಗೋಡೆಗೆ ನಡುವಿನ ಮೂರು ಇಂಚೇ ನೆಮ್ಮದಿಯ ಜಾಗ. ಅದರಾಚೆ ಹೋದರೆ ಗಾರೆಯ ಸಂದಿನ ಒಂದು ಬದಿಯಲ್ಲಿ ಎಳೆತ ಹುಟ್ಟುತ್ತದೆ, ಎಳೆತ ತಡೆಯುವುದು ಗಾರೆಗೆ ಒಗ್ಗದ ಕೆಲಸ.

ಮಳೆಗೆ ಬೀಳುವ ಕಾಂಪೌಂಡ್ ಗೋಡೆಯ ಗುಟ್ಟು ಇಲ್ಲೇ ಇದೆ. ಒಂದು ಬದಿಗೆ ಮಣ್ಣು ತುಂಬಿದ ನಿವೇಶನ, ಇನ್ನೊಂದು ಬದಿಗೆ ತಗ್ಗಿನ ರಸ್ತೆ. ನೀರು ಹೋಗಲು ಗೋಡೆಯಲ್ಲಿ ತೂತು ಬಿಟ್ಟಿಲ್ಲ. ಮಳೆನೀರು ಕುಡಿದ ಮಣ್ಣು ಗೋಡೆಯನ್ನು ಅಡ್ಡಕ್ಕೆ ತಳ್ಳುತ್ತದೆ. ಗೋಡೆಯ ತೂಕ ಕೆಳಕ್ಕೆ, ಮಣ್ಣಿನ ನೂಕು ಅಡ್ಡಕ್ಕೆ, ಎರಡೂ ಸೇರಿದ ಬಲದ ಗೆರೆ ತಳದ ಅಂಚಿನತ್ತ ಸರಿಯುತ್ತದೆ. ಅಂಚು ದಾಟಿದ ಗಳಿಗೆಯಲ್ಲಿ ಗೋಡೆ ಮಗುಚುತ್ತದೆ. ಪುಟ್ಟ ಇಟ್ಟಿಗೆಯ ಒಣಗೋಡೆಯ ಹಿಂದೆ ಮರಳು ಸುರಿದು, ಆಮೇಲೆ ಒಂದು ಚೊಂಬು ನೀರು ಹಾಕಿದರೆ ಇದೆಲ್ಲ ಅರ್ಧ ನಿಮಿಷದ ಪಾಠ.

ಇನ್ನೊಂದು ಆಟವಿದೆ. ನಾಲ್ಕು ಇಟ್ಟಿಗೆಗಳನ್ನು ಮೇಜಿನ ಅಂಚಿನಲ್ಲಿ ಪೇರಿಸಿ, ಮೇಲಿನದನ್ನು ಅರ್ಧ ಉದ್ದ, ಅದರ ಕೆಳಗಿನದನ್ನು ಕಾಲು ಭಾಗ, ನಂತರದ್ದನ್ನು ಆರನೇ ಒಂದು, ತಳದ್ದನ್ನು ಎಂಟನೇ ಒಂದು ಭಾಗ ಹೊರಚಾಚಿದರೆ, ಮೊತ್ತ ಒಂದು ಇಟ್ಟಿಗೆಯ ಉದ್ದಕ್ಕಿಂತ ಕೂದಲಷ್ಟು ಹೆಚ್ಚು. ಅಂದರೆ ತುದಿಯ ಇಟ್ಟಿಗೆ ಪೂರ್ತಿಯಾಗಿ ಮೇಜಿನ ಆಚೆ, ಗಾಳಿಯಲ್ಲಿ. ಕೈಯಲ್ಲಿ ಮಾಡುವಾಗ ಅಷ್ಟು ಕರಾರುವಾಕ್ಕಾಗಿ ನಿಲ್ಲಿಸುವುದು ಕಷ್ಟ, ಐದನೆಯ ಇಟ್ಟಿಗೆ ಸೇರಿಸಿಕೊಂಡರೆ ಸುಲಭ. ಕಲ್ಲುಗಳನ್ನು ಹೀಗೆ ಒಂದಿಷ್ಟೊಂದಿಷ್ಟೇ ಚಾಚಿ ಚಾವಣಿ ಮುಚ್ಚುವ ವಿದ್ಯೆಗೆ ನಮ್ಮ ಶಿಲ್ಪಿಗಳ ಪರಂಪರೆಯಲ್ಲಿ ಕದಲಿಕಾಕರಣ ಎಂಬ ಹೆಸರಿದೆ.

ಹಲಸೂರಿನ ಸೋಮೇಶ್ವರ ದೇವಸ್ಥಾನ ಬೇರೊಂದು ದಾರಿ ಹಿಡಿದ ಕಟ್ಟಡ. ಅಲ್ಲಿರುವುದು ಕಂಬ ಮತ್ತು ತೊಲೆ, ಎರಡೂ ಬೆಣಚುಕಲ್ಲು. ಕಂಬಕ್ಕೆ ಒತ್ತಡವಷ್ಟೇ, ಅದು ಯುಗಗಟ್ಟಲೆ ನಿಲ್ಲಬಲ್ಲದು. ತೊಲೆಯ ಸ್ಥಿತಿ ಹಾಗಲ್ಲ. ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬಾಗಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳಭಾಗ ಎಳೆದುಕೊಳ್ಳುತ್ತದೆ. ಕಲ್ಲಿನ ಎಳೆತದ ಬಲ ಒತ್ತಡದ ಬಲದ ಹತ್ತನೇ ಒಂದು ಭಾಗವೋ ಅದಕ್ಕೂ ಕಡಿಮೆಯೋ ಇರುತ್ತದೆ. ಮಂಟಪದಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದಕ್ಕೆ ಕೆತ್ತನೆಯ ಮೋಹ ಒಂದೇ ಕಾರಣವಲ್ಲ. ವಿಜಯನಗರ ಶೈಲಿಯ ಗೋಪುರಗಳಲ್ಲಿ ತಳದ ಅಂತಸ್ತು ಕಲ್ಲಿನದು, ಮೇಲಿನ ನಿಲೆಗಳು ಇಟ್ಟಿಗೆ–ಗಾರೆಯವು. ಮೇಲೆ ಹಗುರ, ಕೆಳಗೆ ಭಾರ, ಮೇಲೇರಿದಂತೆ ಒಳಸರಿಯುವ ಆಕಾರ: ಬಲದ ಗೆರೆ ಎಲ್ಲಿಯೂ ನಡುವಿನ ಜಾಗ ಬಿಟ್ಟು ಅಲೆಯದಂತೆ ಕಟ್ಟಿದ ಉಪಾಯ.

ಹಲಸೂರು ಕೆರೆಯ ಕಡೆಯಿಂದ ಶಿವಾಜಿನಗರಕ್ಕೆ ಬಂದರೆ ಕಟ್ಟಡಗಳ ವ್ಯಾಕರಣವೇ ಬದಲಾಗುತ್ತದೆ. 1882ರಲ್ಲಿ ಪೂರ್ಣಗೊಂಡ ಸಂತ ಮೇರಿ ಬೆಸಿಲಿಕಾದ ಚೂಪು ಕಮಾನುಗಳು, 1927ರ ರಸೆಲ್ ಮಾರುಕಟ್ಟೆಯ ಮುಂಭಾಗದ ಕಮಾನುಗಳು. ಇಲ್ಲಿ ತೊಲೆ ಮಾಡಲಾರದ ಕೆಲಸವನ್ನು ಬಾಗು ಮಾಡುತ್ತದೆ: ತೆರಪಿನ ಮೇಲಿನ ಭಾರವನ್ನು ಎಳೆತ ಹುಟ್ಟದ ಹಾಗೆ ಪಕ್ಕಕ್ಕೆ ದಾಟಿಸುತ್ತದೆ. ಆದರೆ ಬಿಟ್ಟಿಯಾಗಿ ಅಲ್ಲ. ಪ್ರತಿ ಕಮಾನೂ ತನ್ನ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಅರ್ಧಚಂದ್ರದ ಕಮಾನಿಗಿಂತ ಚೂಪು ಕಮಾನಿನ ತಳ್ಳು ಕಡಿಮೆ, ಚಪ್ಪಟೆ ಕಮಾನಿನದು ಎಲ್ಲಕ್ಕಿಂತ ಹೆಚ್ಚು. ಇದನ್ನು ಪುಸ್ತಕದಲ್ಲಿ ಓದಿದವರು ಮರೆಯುತ್ತಾರೆ. ಮೇಜಿನ ಮೇಲೆ ಮರದ ಪುಟ್ಟ ಸೆಂಟ್ರಿಂಗ್ ಇಟ್ಟು, ತುಂಡುಗಳನ್ನು ಜೋಡಿಸಿ, ಕೊನೆಯ ನಡುಗಲ್ಲು ಕೂರಿಸಿ, ಎರಡೂ ಬದಿಗೆ ಅಂಗೈ ಒತ್ತಿ ಹಿಡಿದು ಸೆಂಟ್ರಿಂಗ್ ಜಾರಿಸಿದವರು ಮರೆಯುವುದಿಲ್ಲ. ತಳ್ಳು ಅಂಗೈಗೇ ತಾಗಿರುತ್ತದೆ.

ಶಾಸ್ತ್ರವೂ ಹೀಗೆಯೇ ಕಲಿತದ್ದು. ರಾಬರ್ಟ್ ಹುಕ್ 1675ರಲ್ಲಿ ಒಂದು ಒಗಟಿನ ರೂಪದಲ್ಲಿ ಪ್ರಕಟಿಸಿದ ಸೂತ್ರ ಎಲ್ಲಕ್ಕೂ ತಾಯಿಬೇರು: ಇಳಿಬಿಟ್ಟ ಸರಪಳಿ ಎಳೆತದಲ್ಲಿ ತಾಳುವ ಆಕಾರವನ್ನೇ ತಲೆಕೆಳಗು ಮಾಡಿದರೆ ಒತ್ತಡದಲ್ಲಿ ನಿಲ್ಲುವ ಕಮಾನು ಸಿಗುತ್ತದೆ. ಫ್ರಾನ್ಸಿನ ಮಾಂಪೆಲಿಯೆಯಲ್ಲಿ ದಾನಿಝಿ ಎಂಬಾತ 1732ರಲ್ಲಿ ಪ್ಲಾಸ್ಟರಿನ ಪುಟ್ಟ ತುಂಡುಗಳಿಂದ ಕಮಾನುಗಳನ್ನು ಕಟ್ಟಿ ಬೀಳಿಸಿದ. ತುಂಡುಗಳು ಜಾರಿ ಬೀಳುತ್ತವೆಂದು ಅಂದಿನ ಪಂಡಿತರು ನಂಬಿದ್ದರು. ಅವನ ಕಮಾನುಗಳು ಬಿದ್ದದ್ದು ಬೇರೆ ರೀತಿ: ಸಂದುಗಳು ಒಂದು ಕಡೆ ಬಾಯಿಬಿಟ್ಟು, ಬಾಗಿಲಿನ ಕೀಲುಗಳಂತೆ ತಿರುಗಿ. ಇಂದಿಗೂ ಕಮಾನಿನ ಸೇತುವೆಗಳ ಲೆಕ್ಕ ನಿಂತಿರುವುದು ಆ ಕೀಲುಗಳ ಮೇಲೆ. ಮೂರು ಕೀಲು ಮೂಡಿದ ಕಮಾನು ಆರಾಮಾಗಿ ನಿಲ್ಲುತ್ತದೆ, ನಾಲ್ಕನೆಯದು ಬಂದರೆ ಕುಸಿಯುತ್ತದೆ. ಹಳೇ ಕಮಾನಿನಲ್ಲಿ ಬಿರುಕು ಕಂಡ ತಕ್ಷಣ ಕೆಡವಿಬಿಡಿ ಎನ್ನುವವರಿಗೆ ಈ ಒಂದು ಮಾದರಿ ತೋರಿಸಬೇಕು.

ರೋಮಿನ ಸಂತ ಪೀಟರ್ ಗುಮ್ಮಟ ಬಿರುಕು ಬಿಟ್ಟಾಗ ಇಟಲಿಯ ಗಣಿತಜ್ಞ ಪೊಲೆನಿ ಮಾಡಿದ್ದು ಹುಕ್‌ನ ಸರಪಳಿಯ ಪ್ರಯೋಗವನ್ನೇ. ಗುಮ್ಮಟದ ಒಂದು ಸೀಳಿನ ತೂಕಕ್ಕೆ ತಕ್ಕಂತೆ ಗುಂಡುಗಳನ್ನು ಪೋಣಿಸಿ ಇಳಿಬಿಟ್ಟ. ಸರಪಳಿಯ ಗೆರೆ ಗುಮ್ಮಟದ ದಪ್ಪದೊಳಗೇ ಇತ್ತು. ಗುಮ್ಮಟ ಬೀಳುವುದಿಲ್ಲ ಎಂದು 1748ರಲ್ಲಿ ಬರೆದ, ಜೊತೆಗೆ ಸುತ್ತಲೂ ಕಬ್ಬಿಣದ ಪಟ್ಟಿ ಹಾಕಲು ಸೂಚಿಸಿದ. ಬಾರ್ಸಿಲೋನಾ ಬಳಿಯ ಕೊಲೋನಿಯಾ ಗುವೆಲ್‌ನ ಚರ್ಚಿಗಾಗಿ ವಾಸ್ತುಶಿಲ್ಪಿ ಗೌಡಿ ದಾರಗಳಿಗೆ ಸೀಸದ ಗುಂಡು ತುಂಬಿದ ಚೀಲಗಳನ್ನು ಕಟ್ಟಿ, ವರ್ಷಗಟ್ಟಲೆ ತಿದ್ದುತ್ತ, ಇಡೀ ಕಟ್ಟಡದ ತಲೆಕೆಳಗಾದ ಮಾದರಿಯನ್ನೇ ತೂಗುಹಾಕಿದ್ದ. ಅರ್ಧವೃತ್ತದ ಕಮಾನು ತನ್ನ ಭಾರಕ್ಕೆ ನಿಲ್ಲಬೇಕಾದರೆ ಅದರ ದಪ್ಪ ತ್ರಿಜ್ಯದ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚಿರಬೇಕೆಂದು ಫ್ರಾನ್ಸಿನ ಕುಪ್ಲೆ 18ನೇ ಶತಮಾನದಲ್ಲಿ ಅಂದಾಜಿಸಿದ್ದನ್ನು ತಿದ್ದಿ ಕರಾರುವಾಕ್ಕಾಗಿಸಿದವರು ಮಿಲಾಂಕೋವಿಚ್, ಮುಂದೆ ಹಿಮಯುಗಗಳ ಆವರ್ತನೆಯನ್ನು ಭೂಕಕ್ಷೆಯ ಲೆಕ್ಕದಿಂದ ವಿವರಿಸಿ ಹೆಸರಾದ ಅದೇ ಸರ್ಬಿಯಾದ ಗಣಿತಜ್ಞ. 20 ಸೆಂಟಿಮೀಟರ್ ತ್ರಿಜ್ಯದ ಮಾದರಿ ಕಟ್ಟುವವರು ಎರಡು ಸೆಂಟಿಮೀಟರ್ ದಪ್ಪದ ತುಂಡು ಬಳಸಿದರೆ ಕಮಾನು ಏಕೆ ನಿಲ್ಲುತ್ತಿಲ್ಲವೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ, ಎರಡೂವರೆ ಬಳಸಿದರೆ ನಿಲ್ಲುತ್ತದೆ.

ಕಂಟೋನ್ಮೆಂಟಿನ ಹಳೇ ಕಟ್ಟಡಗಳಲ್ಲಿ ಕಮಾನು ಬೀದಿಗೆ ಕಾಣುವುದಕ್ಕಿಂತ ಹೆಚ್ಚಾಗಿ ತಲೆಯ ಮೇಲಿದೆ. ಎರಡು ಬಗೆಯ ಚಾವಣಿಗಳು ಇಲ್ಲಿ ಬಳಕೆಯಲ್ಲಿದ್ದವು. ಒಂದು ಮದ್ರಾಸ್ ಟೆರೇಸ್: ತೇಗದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಸುಣ್ಣದ ಜಲ್ಲಿ ಬಡಿದು ಕೂರಿಸುವುದು. ಇನ್ನೊಂದು ಜ್ಯಾಕ್ ಆರ್ಚ್: ಮೂರರಿಂದ ಐದು ಅಡಿಗೊಂದರಂತೆ ಕಬ್ಬಿಣದ ಗರ್ಡರ್ ಹಾಕಿ, ನಡುವೆ ಬಲು ಚಪ್ಪಟೆಯಾದ ಇಟ್ಟಿಗೆ ಕಮಾನುಗಳನ್ನು ಸಾಲಾಗಿ ಕಟ್ಟುವುದು. ಒಳಗೆ ನಿಂತು ತಲೆಯೆತ್ತಿದರೆ ಅಲೆ ಅಲೆಯಾಗಿ ಕಾಣುವ ಚಾವಣಿ ಇದೇ.

ಈ ಎರಡನೆಯದು ಮಾದರಿಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇದರ ಅಪಾಯ ನಕ್ಷೆಯಲ್ಲಿ ಕಾಣುವುದಿಲ್ಲ. ನಾಲ್ಕಡಿ ತೆರಪಿಗೆ ಐದಿಂಚಿಗೂ ಕಡಿಮೆ ಎತ್ತರದ ಕಮಾನು, ಅಂದರೆ ಹತ್ತಕ್ಕೆ ಒಂದರ ಏರು ಎಂದಿಟ್ಟುಕೊಂಡರೆ, ಅದು ಪ್ರತಿ ಬದಿಯ ಗರ್ಡರಿಗೆ ಕೆಳಮುಖವಾಗಿ ಕೊಡುವ ಭಾರದ ಎರಡೂವರೆ ಪಟ್ಟನ್ನು ಅಡ್ಡಕ್ಕೆ ತಳ್ಳುತ್ತದೆ. ಗರ್ಡರ್ ಅಡ್ಡಬಲಕ್ಕೆ ಬಲು ದುರ್ಬಲ. ಆದರೂ ಚಾವಣಿ ನೂರು ವರ್ಷ ನಿಲ್ಲುತ್ತದೆ, ಏಕೆಂದರೆ ಎಡಗಡೆಯ ಕಮಾನಿನ ತಳ್ಳನ್ನು ಬಲಗಡೆಯದು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತಿರುತ್ತದೆ. ಸಾಲಿನ ಕೊನೆಯ ಕಮಾನಿಗೆ ಈ ಜೊತೆಗಾರ ಇಲ್ಲ; ಅಲ್ಲಿ ಕಬ್ಬಿಣದ ಟೈ ರಾಡ್ ಹಾಕಿ ಗರ್ಡರುಗಳನ್ನು ಬಿಗಿದಿರುತ್ತಾರೆ, ಇಲ್ಲವೇ ದಪ್ಪ ಗೋಡೆ ಆನಿಕೆಯಾಗಿರುತ್ತದೆ. ಈಗ ಆ ಹಳೇ ಬಂಗಲೆಯ ಅರ್ಧ ಭಾಗವನ್ನು ಮಾರಿ ಕೆಡವಿದರೆ? ಅಥವಾ ಒಳಮೆಟ್ಟಿಲಿಗೆಂದು ನಡುವಿನ ಒಂದು ಕಮಾನನ್ನು ತೆಗೆದರೆ? ಉಳಿದ ಕಮಾನುಗಳಲ್ಲಿ ಒಂದಿಟ್ಟಿಗೆಗೂ ಏಟು ತಾಗಿರುವುದಿಲ್ಲ, ಆದರೆ ಪಕ್ಕದ ಗರ್ಡರಿಗೆ ಎದುರೊತ್ತು ತಪ್ಪಿರುತ್ತದೆ. ಅದು ಬಾಗುತ್ತದೆ, ಬಾಗಿದಷ್ಟೂ ಕಮಾನು ಇನ್ನಷ್ಟು ಚಪ್ಪಟೆಯಾಗುತ್ತದೆ, ಚಪ್ಪಟೆಯಾದಷ್ಟೂ ತಳ್ಳು ಹೆಚ್ಚುತ್ತದೆ. ನಾಲ್ಕು ಅಡ್ಡಪಟ್ಟಿಗಳ ನಡುವೆ ಮೂರು ಚಪ್ಪಟೆ ಕಮಾನು ಕಟ್ಟಿ ನಡುವಿನದನ್ನು ಕಿತ್ತು ನೋಡಿದ ವಿದ್ಯಾರ್ಥಿ, ಮುಂದೆ ಯಾವ ಕಂಟೋನ್ಮೆಂಟ್ ಮನೆಯಲ್ಲೂ ಟೈ ರಾಡನ್ನು ತುಕ್ಕು ಹಿಡಿದ ಬೇಡದ ಕಂಬಿಯೆಂದು ಕತ್ತರಿಸಲು ಹೇಳಲಾರ.

ಮಾದರಿಗೆ ಯಾವ ಇಟ್ಟಿಗೆ ಎಂಬುದೂ ಮುಖ್ಯ. ಇಂದು ಮಕ್ಕಳಿರುವ ಮನೆಗಳಲ್ಲಿ ಮೊದಲು ಸಿಗುವುದು ಲೆಗೋ. ಅದರ ಬಲದ ಬಗ್ಗೆ ಯಾರಿಗೂ ಅನುಮಾನ ಬೇಡ: 2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಪರೀಕ್ಷೆಗೆ ಒಡ್ಡಿದಾಗ ನಾಲ್ಕು ಗುಬುಟಿನ ಒಂದು ತುಂಡು ಸುಮಾರು 4,240 ನ್ಯೂಟನ್, ಅಂದರೆ 430 ಕಿಲೋಗೂ ಹೆಚ್ಚು ಭಾರ ತಡೆಯಿತು. ಆ ಲೆಕ್ಕದಲ್ಲಿ ಮೂರೂವರೆ ಕಿಲೋಮೀಟರ್ ಎತ್ತರದ ಲೆಗೋ ಕಂಬ ಕಟ್ಟಬಹುದು, ವಾಲಿ ಬೀಳದಿದ್ದರೆ! ಒತ್ತಡದ ಪಾಠಕ್ಕೆ ಮಾತ್ರ ಇದು ಕೆಟ್ಟ ಗುರು. ಗುಬುಟು ಹಿಡಿದುಕೊಳ್ಳುವುದರಿಂದ ಲೆಗೋ ಎಳೆತ ತಡೆಯುತ್ತದೆ, ಇಟ್ಟಿಗೆ ತಡೆಯುವುದಿಲ್ಲ. ಲೆಗೋದಲ್ಲಿ ನಿಂತ ಅಡ್ಡಸೇತುವೆಯನ್ನು ಇಟ್ಟಿಗೆಯಲ್ಲಿ ಕಟ್ಟಿದರೆ ಕಟ್ಟುವಾಗಲೇ ಬೀಳುತ್ತದೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ರಿಕ್ಟರ್ ಕಂಪನಿ ಮಾರಲು ಶುರು ಮಾಡಿದ ಆಂಕರ್ ಕಲ್ಲುಗಳು ಈ ದೃಷ್ಟಿಯಿಂದ ಎಷ್ಟೋ ಮೇಲು. ಮರಳು, ಸೀಮೆಸುಣ್ಣ, ಅಗಸೆಯೆಣ್ಣೆ ಬೆರೆಸಿ ಅಚ್ಚೊತ್ತಿದ, ಅಂಟಿಲ್ಲದೆ ಬರೀ ತೂಕದಿಂದ ಕೂರುವ ತುಂಡುಗಳವು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಬಡಗಿಯ ಅಂಗಡಿಯಲ್ಲಿ ಒಂದೇ ಅಳತೆಗೆ ಕೊಯ್ಸಿದ ಮರದ ತುಂಡುಗಳು, ಅಥವಾ ಮನೆಯಲ್ಲೇ ಅಚ್ಚು ಹಾಕಿ ಒಣಗಿಸಿದ ಜೇಡಿಮಣ್ಣಿನ ತುಂಡುಗಳು ಸಾಕು. ಅಂಟು ಬಳಸಬಾರದು, ಅಷ್ಟೇ ನಿಯಮ. 2016ರಲ್ಲಿ ಕಟ್ಟಡ ಸಂಶೋಧಕ ಫಿಲಿಪ್ ಬ್ಲಾಕ್ ಮತ್ತು ಜೊತೆಗಾರರು ವೆನಿಸ್‌ನಲ್ಲಿ 399 ಸುಣ್ಣಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ ಕಟ್ಟಿದ ಚಾವಣಿಯೂ ಇದೇ ನಿಯಮಕ್ಕೆ ಬದ್ಧವಾಗಿತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಮಾದರಿ ಎಲ್ಲಿ ಮೌನವಾಗುತ್ತದೆಂದೂ ಹೇಳಬೇಕು. ಅದಕ್ಕೆ ಬೆಂಗಳೂರಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣು, ಇಟ್ಟಿಗೆ, ಗಾರೆಗಳನ್ನು ದಶಕಗಳ ಕಾಲ ಒತ್ತಿ, ಮುರಿದು ನೋಡಿದರು. ಪಶ್ಚಿಮದ ಪಠ್ಯಗಳಲ್ಲಿ ಇಟ್ಟಿಗೆ ಗಟ್ಟಿ, ಗಾರೆ ಮೆತ್ತಗೆ. ಭಾರ ಬಿದ್ದಾಗ ಗಾರೆ ಪಕ್ಕಕ್ಕೆ ಹಿಗ್ಗಲು ನೋಡುತ್ತದೆ, ಇಟ್ಟಿಗೆ ಅದನ್ನು ತಡೆಯಲು ಹೋಗಿ ತಾನೇ ಎಳೆತಕ್ಕೆ ಸಿಕ್ಕಿ ಉದ್ದಕ್ಕೆ ಸೀಳುತ್ತದೆ. ಬೆಂಗಳೂರು ಸುತ್ತಿನ ಇಟ್ಟಿಗೆಯಲ್ಲಿ ಸಂಬಂಧ ತಿರುಗಾಮುರುಗಾ: ಕೈಯಚ್ಚಿನ ಇಟ್ಟಿಗೆ ಮೆತ್ತಗೆ, ಸಿಮೆಂಟ್ ಗಾರೆ ಅದಕ್ಕಿಂತ ಬಿರುಸು. ಎಳೆತ ಬೀಳುವುದು ಗಾರೆಗೆ. ಹಾಗಾಗಿ ಇಲ್ಲಿ ಸಿಮೆಂಟ್ ಸುರಿದು ಗಾರೆಯನ್ನು ಇನ್ನೂ ಬಲಪಡಿಸಿದರೆ ಗೋಡೆಯೂ ಅಷ್ಟೇ ಬಲವಾಗುತ್ತದೆಂಬ ಭರವಸೆ ಇಲ್ಲ. ಇಟ್ಟಿಗೆಗೂ ಗಾರೆಗೂ ಇರುವ ಹಿಡಿತ ಚೆನ್ನಾಗಿದ್ದರೆ ಗೋಡೆ ಬಲವಾಗುತ್ತದೆ. ಕಟ್ಟುವ ಮೊದಲು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸು ಎಂದು ಮೇಸ್ತ್ರಿ ಬೈಯುವುದರ ಹಿಂದೆ ಈ ಹಿಡಿತದ ಚಿಂತೆಯೇ ಇರುವುದು.

ಅಂಟಿಲ್ಲದ ಮರದ ತುಂಡುಗಳ ಮಾದರಿಗೆ ಇದಾವುದೂ ಗೊತ್ತಿಲ್ಲ. ಇದಕ್ಕೆ ಪ್ರಯೋಗಾಲಯ ಬೇಕು, ಆದರೆ ಅಲ್ಲಿನ ಪರೀಕ್ಷೆಯೂ ಒಂದು ಪುಟ್ಟ ಕಟ್ಟಡವೇ. ಇಟ್ಟಿಗೆಯೊಂದನ್ನೇ ಪರೀಕ್ಷಿಸುವಾಗ 24 ಗಂಟೆ ನೀರಿನಲ್ಲಿಟ್ಟು, ಮೇಲಿನ ತಗ್ಗಿಗೆ ಗಾರೆ ತುಂಬಿ, ಯಂತ್ರದಲ್ಲಿ ಒತ್ತುತ್ತಾರೆ. ಗೋಡೆಯ ಬಲ ತಿಳಿಯಲು ಐಎಸ್ 1905 ಹೇಳುವುದು, ಗಾರೆ ಹಾಕಿ ಪೇರಿಸಿದ, ಕನಿಷ್ಠ 40 ಸೆಂಟಿಮೀಟರ್ ಎತ್ತರದ ಚಿಕ್ಕ ಕಂಬವನ್ನು ಒತ್ತಿ ಮುರಿಯಲು. ಎಂಜಿನಿಯರುಗಳ ಬಾಯಲ್ಲಿ ಅದು ಪ್ರಿಸಂ. ಪೂರ್ಣ ಅಳತೆಯ ಇಟ್ಟಿಗೆ, ಕೆಲಸದ ಜಾಗದ ಗಾರೆ, ಅದೇ ಮೇಸ್ತ್ರಿಯ ಕೈ.

ಅಸ್ತ್ರದಿಂದ ಹೊರಬಂದ ಇನ್ನೊಂದು ಪಾಠ ಕೈಗೆ ಹತ್ತಿರವಾದದ್ದು. ಮಣ್ಣಿಗೆ ಶೇಕಡಾ ಏಳರಷ್ಟು ಸಿಮೆಂಟ್ ಬೆರೆಸಿ, ‘ಮರ್ದಿನಿ’ ಎಂಬ ಕೈಯಂತ್ರದಲ್ಲಿ ಒತ್ತಿ, ಸುಡದೆ ಮಾಡುವ ಬ್ಲಾಕುಗಳು. ಇಲ್ಲಿ ಒತ್ತಡ ಇಟ್ಟಿಗೆಯ ಹುಟ್ಟಿನಲ್ಲೇ ಇದೆ: ಸನ್ನೆಗೋಲನ್ನು ಎಳೆಯುವ ತೋಳಿಗೆ ಮಣ್ಣು ಎಷ್ಟು ಬಿಗಿಯಾಯಿತೆಂದು ಗೊತ್ತಾಗುತ್ತದೆ. ನಗರದಲ್ಲಿ ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಇಂಥ ಬ್ಲಾಕುಗಳಿಂದ ಮನೆ ಕಟ್ಟಿ ತೋರಿಸಿದ್ದಾರೆ. ತಿರುವನಂತಪುರದಲ್ಲಿ ಲಾರಿ ಬೇಕರ್ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಪೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಕಟ್ಟುಗೆಯಿಂದ ನಾಲ್ಕರಲ್ಲಿ ಒಂದು ಭಾಗ ಇಟ್ಟಿಗೆ ಉಳಿಸಿದರು. ಇಟ್ಟಿಗೆ ಪುಡಿಯಾಗುವುದಿಲ್ಲ ಎಂಬ ನಂಬಿಕೆ ಇಲ್ಲದಿದ್ದರೆ ಗೋಡೆಯನ್ನು ಪೊಳ್ಳು ಮಾಡುವ ಧೈರ್ಯ ಬರುವುದಿಲ್ಲ. ಆರೋವಿಲ್‌ನ ಅರ್ತ್ ಇನ್‌ಸ್ಟಿಟ್ಯೂಟಿನಲ್ಲಿ ಗುಮ್ಮಟದ ಪಾಠ ಸೆಂಟ್ರಿಂಗ್ ಇಲ್ಲದೆಯೇ ನಡೆಯುತ್ತದೆ. ನಡುವೆ ನೆಟ್ಟ ಒಂದು ಕೋಲು ತ್ರಿಜ್ಯ ತೋರಿಸುತ್ತದೆ, ಪ್ರತಿ ಸುತ್ತೂ ಪೂರ್ತಿಯಾದ ಕೂಡಲೇ ತನ್ನಷ್ಟಕ್ಕೆ ಬಿಗಿದುಕೊಳ್ಳುತ್ತದೆ. ಅರ್ಧಗೋಲದ ಗುಮ್ಮಟದಲ್ಲಿ ಶಿಖರದಿಂದ ಸುಮಾರು 52 ಡಿಗ್ರಿ ಇಳಿಯುವ ತನಕ ಸುತ್ತುಗಳಲ್ಲಿ ಒತ್ತಡ, ಅದರ ಕೆಳಗೆ ಎಳೆತ. ವಿಜಯಪುರದ ಗೋಲ ಗುಮ್ಮಟ, 1656ರ ಹೊತ್ತಿಗೆ ಮುಗಿದ, ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಆ ಬೃಹತ್ ರಚನೆ, ಹೊರತಳ್ಳನ್ನು ನಿಭಾಯಿಸಿದ ಬಗೆ ಬೇರೆ: ಒಂದನ್ನೊಂದು ಕತ್ತರಿಸುವ ಕಮಾನುಗಳು ಚೌಕವನ್ನು ಒಳಕ್ಕೆ ಕಿರಿದು ಮಾಡುತ್ತವೆ, ಒಳಕ್ಕೆ ಚಾಚಿದ ಆ ರಾಶಿಯ ತೂಕ ಗುಮ್ಮಟದ ಹೊರತಳ್ಳಿಗೆ ಎದುರಾಗಿ ನಿಲ್ಲುತ್ತದೆ.

ಅಲುಗಾಟದ ವಿಷಯ ಬಂದರೆ ನಿಶ್ಚಲ ಮಾದರಿಗೆ ಹೇಳುವುದು ಬಹಳ ಇಲ್ಲ. 2001ರ ಭುಜ್ ಭೂಕಂಪದ ನಂತರ ಬೆಂಗಳೂರಿನ ಸಂಶೋಧಕರು ಇಟ್ಟಿಗೆಯ ಪುಟ್ಟ ಮನೆಗಳನ್ನು ಭೂಕಂಪದಂತೆ ಅಲುಗಿಸುವ ಶಾಕ್ ಟೇಬಲ್ ಮೇಲೆ ಕೂರಿಸಿ, ಗೋಡೆಯ ಎರಡೂ ಮೈಗೆ ಕಂಬಿ ಅಪ್ಪಿಸಿದರೆ ಏನಾಗುತ್ತದೆಂದು ಪರೀಕ್ಷಿಸಿದರು. ಅದು ಎಳೆತದ ಅಧ್ಯಾಯ.

ಎಳೆತದ ನಗರವನ್ನು ನೋಡಲು ಪೂರ್ವಕ್ಕೇ ಹೋಗಬೇಕು. ಕೆ.ಆರ್. ಪುರದಲ್ಲಿ ರೈಲುಹಳಿಗಳ ಮೇಲೆ 2003ರಲ್ಲಿ ತೆರೆದ, ಊರವರ ಬಾಯಲ್ಲಿ ತೂಗುಸೇತುವೆಯಾದ ಕೇಬಲ್ ಸೇತುವೆಯಲ್ಲಿ ಕೇಬಲುಗಳಿಗೆ ಬರೀ ಎಳೆತ, ಗೋಪುರಕ್ಕೆ ಬರೀ ಒತ್ತಡ. ಹುಕ್‌ನ ಸರಪಳಿ ಮತ್ತು ಕಮಾನು ಒಂದೇ ಕಡೆ. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಲು ಶುರುವಾದ ನಮ್ಮ ಮೆಟ್ರೋದ ಮೇಲ್ಸೇತುವೆ ಇನ್ನೂ ಸ್ವಾರಸ್ಯ. ಹಲಸೂರು, ಇಂದಿರಾನಗರದ ರಸ್ತೆಗಳ ಮೇಲೆ ಕಾಣುವ ಆ ಕಾಂಕ್ರೀಟ್ ಬೇರೆಡೆ ಎರಕ ಹೊಯ್ದ ತುಂಡುಗಳ ಜೋಡಣೆ. ಒಳಗೆ ಹಾಯಿಸಿದ ಉಕ್ಕಿನ ತಂತಿಗಳನ್ನು ಎಳೆದು ಬಿಗಿದಾಗ ತುಂಡುಗಳೆಲ್ಲ ಒತ್ತಿಕೊಂಡು ಒಂದೇ ತೊಲೆಯಾಗುತ್ತವೆ. ಐದಾರು ಪುಟ್ಟ ಇಟ್ಟಿಗೆಗಳನ್ನು ಸಾಲಾಗಿ ಇಟ್ಟು ಎರಡು ತುದಿಯಿಂದ ಅಂಗೈಯಲ್ಲಿ ಬಿಗಿಯಾಗಿ ಒತ್ತಿ ಎತ್ತಿದರೆ ಇಡೀ ಸಾಲು ಮೇಲೇಳುತ್ತದೆ. ಪಟ್ಟು ಸಡಿಲಿಸಿದರೆ ತಳದ ಸಂದುಗಳು ಬಾಯಿಬಿಡುತ್ತವೆ. ಪ್ರೀಸ್ಟ್ರೆಸ್ಸಿಂಗ್ ಎಂಬ ದೊಡ್ಡ ಹೆಸರಿನ ತಂತ್ರದ ತಿರುಳು ಇಷ್ಟೇ.

ಹೊಸ ಕಟ್ಟಡಗಳಲ್ಲಿ ಆರ್‌ಸಿಸಿ ಕಂಬ–ತೊಲೆ ಭಾರ ಹೊರುತ್ತವೆ, ಇಟ್ಟಿಗೆಯೋ ಬ್ಲಾಕೋ ನಡುವಿನ ತೆರಪು ತುಂಬುತ್ತದೆ. ಹಾಗಾದರೆ ಈ ಪಾಠ ಯಾರಿಗೆ ಬೇಕು ಎಂದು ಕೇಳಬಹುದು. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಹಳೇ ಮನೆಗಳು ಅಂಗಡಿ, ಹೋಟೆಲ್ಲುಗಳಾಗಿ ಮಾರ್ಪಡುವಾಗ ದಿನವೂ ಏಳುವ ಪ್ರಶ್ನೆ ಒಂದೇ: ಈ ಗೋಡೆ ಒಡೆಯಬಹುದಾ, ಇದು ಲೋಡ್ ಗೋಡೆನಾ? ನಾಲ್ಕೂವರೆ ಇಂಚಿನದಾದರೆ ಬರೀ ಅಡ್ಡಗೋಡೆ, ಒಂಬತ್ತು ಇಂಚಿನದಾದರೆ ಭಾರದ ಗೋಡೆ ಎಂಬ ಬಾಯಿಲೆಕ್ಕ ಬಹುಪಾಲು ಸರಿ, ಯಾವಾಗಲೂ ಅಲ್ಲ. ಬಾಗಿಲಿನಷ್ಟು ತೆರಪು ತೆಗೆದರೆ ಮೇಲಿನ ಗೋಡೆಯೆಲ್ಲ ಲಿಂಟಲಿನ ಮೇಲೆ ಕೂರುತ್ತದೆಂದು ಮನೆಯವರು ಹೆದರುತ್ತಾರೆ. ಸಂದು ತಪ್ಪಿಸಿ ಪೇರಿಸಿದ ಒಣ ಮಾದರಿ ಗೋಡೆಯ ನಡುವಿನಿಂದ ತಳದ ಕೆಲವು ತುಂಡು ಎಳೆದು ನೋಡಿದರೆ ಬೇರೆಯದೇ ಕಾಣುತ್ತದೆ: ತೆರಪಿನ ಮೇಲೆ ಮೆಟ್ಟಿಲಾಕಾರದ ತ್ರಿಕೋನವೊಂದು ಮಾತ್ರ ಉದುರುತ್ತದೆ, ಉಳಿದದ್ದು ತನಗೆ ತಾನೇ ಕಮಾನು ಕಟ್ಟಿಕೊಂಡು ನಿಲ್ಲುತ್ತದೆ. ಲಿಂಟಲ್ ಲೆಕ್ಕದಲ್ಲೂ ಎಂಜಿನಿಯರುಗಳು 60 ಡಿಗ್ರಿಯ ಆ ತ್ರಿಕೋನದ ತೂಕವನ್ನೇ ಹಿಡಿಯುತ್ತಾರೆ, ಮೇಲೆ ಸಾಕಷ್ಟು ಎತ್ತರಕ್ಕೆ ಗೋಡೆಯಿದ್ದು, ತ್ರಿಕೋನದೊಳಗೆ ಬೇರೆ ತೊಲೆ, ಸ್ಲ್ಯಾಬಿನ ಭಾರ ಇಳಿಯದಿದ್ದರೆ. ತೆರಪನ್ನು ಗೋಡೆಯ ತುದಿಗೆ ಸರಿಸಿದಾಗ ಈ ರಿಯಾಯಿತಿ ಇಲ್ಲ. ಮೂಲೆ ಅಂಗಡಿಗೆಂದು ರಸ್ತೆಯ ಅಂಚಿನಲ್ಲೇ ಶಟರ್ ಕೂರಿಸಿದರೆ, ಮೇಲೆ ಮೂಡುವ ಕಮಾನಿನ ಒಂದು ಕಾಲಿಗೆ ಒತ್ತುಕೊಡಲು ಒಂಬತ್ತು ಇಂಚೋ ಒಂದಡಿಯೋ ಉಳಿದ ಗೋಡೆಯ ತುಣುಕಷ್ಟೇ ಇರುತ್ತದೆ, ಮೇಲಿನ ಗೋಡೆ ಅದನ್ನು ಬೀದಿಯ ಕಡೆಗೆ ತಳ್ಳುತ್ತಿರುತ್ತದೆ.